ಕೇಬಲ್ ಚುಚ್ಚಿದಾಗ ಕಪಾಟಿನ ಕೀಲಿ ಯಾರ ಕೈಲಿ?

ಮೊನ್ನೆ ನನ್ನ ಹಳೆಯ ಇ-ರೀಡರ್‌ಗೆ ಒಂದು ಪುಸ್ತಕ ಹಾಕಬೇಕಿತ್ತು. ಕೇಬಲ್ ಚುಚ್ಚಿದೆ. ಬ್ಯಾಟರಿಯ ಮೇಲೆ ಮಿಂಚಿನ ಗುರುತು ಬಂತು, ಕಂಪ್ಯೂಟರ್‌ನಲ್ಲಿ ಮಾತ್ರ ಏನೂ ಕಾಣಲಿಲ್ಲ. ಪೋರ್ಟ್ ಬದಲಿಸಿದೆ, ರೀಸ್ಟಾರ್ಟ್ ಮಾಡಿದೆ. ಅರ್ಧ ಗಂಟೆ ಸುಮ್ನೆ ಹೋಯಿತು. ಕೊನೆಗೆ ಬೇರೆ ಕೇಬಲ್ ಹಾಕಿದರೆ ತಕ್ಷಣ ಕಾಣಿಸಿಕೊಂಡಿತು.

ಹಳೆಯ ಮೈಕ್ರೋ ಯುಎಸ್‌ಬಿ ಕೇಬಲ್‌ನ ಸಿಪ್ಪೆ ಸುಲಿದರೆ ಒಳಗೆ ನಾಲ್ಕು ತೆಳು ತಂತಿಗಳು ಸಿಗುತ್ತವೆ. ಸಾಮಾನ್ಯವಾಗಿ ಕೆಂಪು, ಕಪ್ಪು ತಂತಿಗಳು 5 ವೋಲ್ಟ್ ವಿದ್ಯುತ್ತಿಗೆ. ಹಸಿರು, ಬಿಳಿ ತಂತಿಗಳು ಮಾಹಿತಿಗೆ. ಈ ಎರಡನೇ ಜೋಡಿಯನ್ನು ಹುರಿ ಹೊಸೆದ ಹಾಗೆ ಸುತ್ತಿರುತ್ತಾರೆ. ಒಂದರಲ್ಲಿ ವೋಲ್ಟೇಜ್ ಏರಿದಾಗ ಇನ್ನೊಂದರಲ್ಲಿ ಇಳಿಯುತ್ತದೆ, ರೀಡರ್ ಗಮನಿಸುವುದು ಅವೆರಡರ ವ್ಯತ್ಯಾಸವನ್ನು. ಹೊರಗಿನ ಗದ್ದಲ ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಥರ ತಗಲುವುದರಿಂದ ವ್ಯತ್ಯಾಸ ಹಾಗೇ ಉಳಿಯುತ್ತದೆ. ಯುಎಸ್‌ಬಿ 2.0ರಲ್ಲಿ ಸೆಕೆಂಡಿಗೆ 48 ಕೋಟಿ ಬಿಟ್‌ಗಳವರೆಗೆ ಓಡಲು ಇದೇ ಆಸರೆ. ಚಾರ್ಜಿಂಗ್‌ಗೆ ಮಾತ್ರ ಮಾಡಿದ ಕೇಬಲ್‌ಗಳಲ್ಲಿ ಈ ಜೋಡಿಯೇ ಇರುವುದಿಲ್ಲ. ನನ್ನದು ಅಂಥದ್ದು.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾಗುವುದು ಆಮೇಲೆ ನಡೆಯುವ ಸಂಗತಿ. ಕೇಬಲ್ ಹಾಕಿದ ಕೂಡಲೇ ಎಷ್ಟೋ ಇ-ರೀಡರ್‌ಗಳು ಪುಸ್ತಕ ತೋರಿಸುವುದನ್ನೇ ನಿಲ್ಲಿಸುತ್ತವೆ. ಯಾಕೆ?

ಆಗ ರೀಡರ್ ಒಂದು ಪೆನ್‌ಡ್ರೈವ್ ಆಗಿಬಿಟ್ಟಿರುತ್ತದೆ. ಕಂಪ್ಯೂಟರ್ ಅದಕ್ಕೆ ‘ಈ ಪುಸ್ತಕ ಇಟ್ಟುಕೋ’ ಅನ್ನುವುದಿಲ್ಲ. ‘ಇಂತಿಷ್ಟನೇ ಖಾನೆಯಲ್ಲಿ ಈ 512 ಬೈಟ್ ಬರೆ’ ಅನ್ನುತ್ತದೆ, ಅಷ್ಟೇ. ಪುಸ್ತಕದ ಹೆಸರೇನು, ಅದು ಯಾವ ಖಾನೆಯಿಂದ ಶುರು, ಮುಂದಿನ ತುಂಡು ಎಲ್ಲಿದೆ, ಎಲ್ಲವೂ ಅದೇ ಮೆಮೊರಿಯಲ್ಲಿರುವ ಒಂದು ರಿಜಿಸ್ಟರ್‌ನಲ್ಲಿ ಇರುತ್ತದೆ. ಫ್ಯಾಟ್ ಎಂಬ ಹಳೆಯ ಪದ್ಧತಿಯ ರಿಜಿಸ್ಟರ್ ಅದು. ಅದನ್ನು ಏಕಕಾಲಕ್ಕೆ ಇಬ್ಬರು ತಿದ್ದಿದರೆ ಏನಾಗುತ್ತದೆ? ಖಾಲಿ ಇದೆ ಎಂದು ಇಬ್ಬರೂ ಒಂದೇ ಖಾನೆಗೆ ಬೇರೆಬೇರೆ ಪುಸ್ತಕದ ತುಂಡು ತುಂಬಬಹುದು. ಹಾಗಾಗಿ ರೀಡರ್ ಕಪಾಟಿನ ಕೀಲಿಯನ್ನು ಪೂರ್ತಿ ಕಂಪ್ಯೂಟರ್‌ಗೆ ಕೊಟ್ಟು ಪಕ್ಕಕ್ಕೆ ಸರಿಯುತ್ತದೆ.

‘ಈಜೆಕ್ಟ್’ ಒತ್ತದೆ ಕೇಬಲ್ ಎಳೆಯಬೇಡಿ ಅನ್ನುವುದೂ ಇದಕ್ಕೇ. ಪರದೆಯ ಮೇಲಿನ ಹಸಿರು ಪಟ್ಟಿ ಪೂರ್ತಿ ತುಂಬಿದರೂ ಕಂಪ್ಯೂಟರ್ ಕೊನೆಯ ಒಂದಷ್ಟು ಬರಹವನ್ನು ತನ್ನಲ್ಲೇ ಇಟ್ಟುಕೊಂಡಿರಬಹುದು. ರಿಜಿಸ್ಟರ್‌ನಲ್ಲಿ ಹೆಸರು ಬಂದು, ಖಾನೆಗಳು ತುಂಬುವ ಮುಂಚೆಯೇ ಕೇಬಲ್ ಬಿಚ್ಚಿದರೆ? ರೀಡರ್‌ನಲ್ಲಿ ಪುಸ್ತಕದ ಹೆಸರು ಕಾಣುತ್ತದೆ, ತೆರೆಯಲು ಹೋದರೆ ತೆರೆಯುವುದಿಲ್ಲ. ಈಜೆಕ್ಟ್ ಅಂದರೆ ಬಾಕಿ ಬರಹ ಮುಗಿಸಿ ಕೀಲಿ ವಾಪಸ್ ಕೊಡು ಎಂದರ್ಥ.

ಎಲ್ಲ ರೀಡರ್‌ಗಳೂ ಹೀಗೆ ಕೀಲಿ ಕೊಡುತ್ತಿರಲಿಲ್ಲ. 2006ರಲ್ಲಿ ಬಂದ ಸೋನಿ ಪಿಆರ್‌ಎಸ್-500ಗೆ ಕೇಬಲ್‌ನಲ್ಲಿ ತನ್ನದೇ ಗುಟ್ಟಿನ ಭಾಷೆಯಿತ್ತು, ವಿಂಡೋಸ್ ಬದಲು ಲಿನಕ್ಸ್ ಹಾಕಿದ ಕಂಪ್ಯೂಟರ್‌ಗೆ ಅದು ತಿಳಿಯುತ್ತಿರಲಿಲ್ಲ. ಭಾರತ ಮೂಲದ ಕೋವಿದ್ ಗೋಯಲ್ ಆ ಭಾಷೆಯನ್ನು ಬಿಡಿಸಲು ಕೂತರು. ಇಂದು ಇ-ಪುಸ್ತಕ ಓದುವವರು ಅಷ್ಟೊಂದು ಬಳಸುವ ‘ಕ್ಯಾಲಿಬರ್’ ತಂತ್ರಾಂಶ ಹುಟ್ಟಿದ್ದು ಅಲ್ಲಿಂದ. ಉಚಿತವಾಗಿಯೇ ಸಿಗುತ್ತದೆ. ತನಗೆ ಬೇಕಾಗಿದ್ದನ್ನು ಮಾಡಿಕೊಂಡು ಊರಿಗೆಲ್ಲ ಹಂಚುವುದು ದೊಡ್ಡ ಮನಸ್ಸಲ್ವಾ?

2024ರಲ್ಲಿ ಬಂದ ಕಿಂಡಲ್‌ಗಳು, ಅಂದರೆ ಅಮೆಜಾನ್‌ನ ಇ-ರೀಡರ್‌ಗಳು, ಎಂಟಿಪಿ ಎಂಬ ಬೇರೆ ರೀತಿ ಹಿಡಿದಿವೆ. ಇಲ್ಲಿ ಕಂಪ್ಯೂಟರ್ ‘ಈ ಫೈಲ್ ಇಡು’ ಎಂದು ಕೇಳುತ್ತದೆ, ಎಲ್ಲಿಡಬೇಕು ಅನ್ನುವುದು ರೀಡರ್‌ಗೇ ಬಿಟ್ಟಿದ್ದು. ಕೀಲಿ ಅದರ ಹತ್ತಿರವೇ ಉಳಿಯಿತು. ಆದರೆ ಮ್ಯಾಕ್ ಕಂಪ್ಯೂಟರ್‌ಗಳಿಗೆ ಎಂಟಿಪಿ ತಾನಾಗಿ ಬರುವುದಿಲ್ಲ, ಬೇರೆ ತಂತ್ರಾಂಶ ಹಾಕಿಕೊಳ್ಳಬೇಕು.

ನನ್ನ ಹಳೆಯ ರೀಡರ್ ಇನ್ನೂ ಕೀಲಿ ಕೊಟ್ಟು ವಾಪಸ್ ಪಡೆಯುವ ಕಾಲದ್ದೇ. ಈಜೆಕ್ಟ್ ಒತ್ತಿದೆ. ಪರದೆ ಒಮ್ಮೆ ಕಪ್ಪಾಗಿ ಬೆಳ್ಳಗಾಯಿತು, ಪಟ್ಟಿಯ ತುದಿಯಲ್ಲಿ ಹೊಸ ಪುಸ್ತಕ ಬಂದು ಕೂತಿತು. ಕೇಬಲ್ ಬಿಚ್ಚಲಿಲ್ಲ. ಚಾರ್ಜ್ ಆಗುತ್ತಿರುವಾಗಲೇ ಮೊದಲ ಪುಟ ತೆರೆದೆ.