ಒಂದು ಪೌಚ್, ಇಪ್ಪತ್ತು ಪ್ರಶ್ನೆ: ತ್ವರಿತ ಬಹುರೋಗಕಾರಕ ಪ್ಯಾನೆಲ್‌ಗಳನ್ನು ಬಳಸುವ ಬಗೆ

ಒಂದು ಮಾದರಿ, ಒಂದು ಪೌಚ್, ಸುಮಾರು ಒಂದು ಗಂಟೆ. ಅಷ್ಟರಲ್ಲಿ ಇಪ್ಪತ್ತರ ಆಸುಪಾಸಿನ ರೋಗಕಾರಕಗಳ ಬಗ್ಗೆ ‘ಇದೆ’ ಅಥವಾ ‘ಇಲ್ಲ’ ಎಂಬ ಉತ್ತರ ಕೈಗೆ ಬರುತ್ತದೆ. ಒಂದೇ ಬಗೆಯ ರೋಗಲಕ್ಷಣ ತರಬಲ್ಲ ಹಲವು ರೋಗಕಾರಕಗಳನ್ನು ಒಟ್ಟಿಗೆ ಹುಡುಕುವ ಸಿಂಡ್ರೋಮಿಕ್ ಪ್ಯಾನೆಲ್‌ಗಳ ಆಕರ್ಷಣೆ ಇದೇ. ಪರೀಕ್ಷೆಗೆ ಓದುವಾಗ ನಾವು ಯಂತ್ರದ ಹಂತಗಳನ್ನೂ ಗುರಿಗಳ (ಅಂದರೆ ಅದು ಹುಡುಕುವ ರೋಗಕಾರಕ, ಜೀನ್‌ಗಳ) ಪಟ್ಟಿಯನ್ನೂ ಬಾಯಿಪಾಠ ಮಾಡುತ್ತೇವೆ. ವೈವಾದಲ್ಲೂ ವಾರ್ಡಿನಲ್ಲೂ ಕೇಳುವುದು ಬೇರೆಯದನ್ನೇ: ಈ ರೋಗಿಗೆ ಈ ಪರೀಕ್ಷೆ ಏಕೆ ಬೇಕಾಯಿತು, ಉತ್ತರ ಬಂದ ಮೇಲೆ ಚಿಕಿತ್ಸೆಯಲ್ಲಿ ಏನು ಬದಲಾಯಿತು? ಹೀಗೆ ಕೇಳಿಕೊಂಡು ಪರೀಕ್ಷೆಗಳನ್ನು ವಿವೇಚನೆಯಿಂದ ಬಳಸುವುದಕ್ಕೆ ರೋಗನಿರ್ಣಯ ಸ್ಟ್ಯೂವರ್ಡ್‌ಶಿಪ್ ಎಂಬ ಹೆಸರಿದೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಇದರ ಬಗ್ಗೆಯೇ ಒಂದು ಮಾರ್ಗದರ್ಶಿಯನ್ನು ಹೊರತಂದಿತು.

ಯಂತ್ರ ನೋಡುವುದು ಏನನ್ನು

ಯಂತ್ರದ ಭಾಗವನ್ನು ಬೇಗ ಮುಗಿಸೋಣ. ಉದಾಹರಣೆಗೆ ಫಿಲ್ಮ್‌ಅರೇ ಎಂಬ ಯಂತ್ರದ ಪೌಚ್‌ನಲ್ಲಿ ರಾಸಾಯನಿಕಗಳು ಒಣಗಿದ ಸ್ಥಿತಿಯಲ್ಲಿ ಇರುತ್ತವೆ. ಮಾದರಿಯಲ್ಲಿನ ಜೀವಕೋಶಗಳು ಒಡೆದು ನ್ಯೂಕ್ಲಿಯಿಕ್ ಆಮ್ಲ (ಡಿಎನ್‌ಎ, ಆರ್‌ಎನ್‌ಎ) ಬೇರ್ಪಡುತ್ತದೆ. ಮೊದಲು ಎಲ್ಲ ಗುರಿಗಳಿಗೂ ಒಟ್ಟಿಗೆ ಒಂದು ಪಿಸಿಆರ್ (ನ್ಯೂಕ್ಲಿಯಿಕ್ ಆಮ್ಲದ ನಿರ್ದಿಷ್ಟ ತುಣುಕನ್ನು ಹಲವು ಪಟ್ಟು ಹೆಚ್ಚಿಸುವ ವಿಧಾನ), ಆಮೇಲೆ ಪುಟ್ಟ ಪುಟ್ಟ ಗುಳಿಗಳಲ್ಲಿ ಪ್ರತಿ ಗುರಿಗೂ ಪ್ರತ್ಯೇಕವಾಗಿ ಎರಡನೆಯ ಪಿಸಿಆರ್. ಕೊನೆಗೆ ಡಿಎನ್‌ಎ ಕರಗುವ ತಾಪಮಾನವನ್ನು ನೋಡಿ ಸಿಕ್ಕಿದ್ದು ಅದೇ ಹೌದೇ ಎಂದು ಖಚಿತಪಡಿಸಿಕೊಳ್ಳುತ್ತದೆ.

ನೆನಪಿಡಬೇಕಾದದ್ದು ಇಷ್ಟು: ಯಂತ್ರಕ್ಕೆ ಕಾಣುವುದು ನ್ಯೂಕ್ಲಿಯಿಕ್ ಆಮ್ಲ, ಬದುಕಿರುವ ಜೀವಿಯಲ್ಲ. ನಿನ್ನೆ ಕೊಟ್ಟ ಆಂಟಿಬಯಾಟಿಕ್‌ಗೆ ಸತ್ತ ಬ್ಯಾಕ್ಟೀರಿಯಾ, ಮೂರು ವಾರದ ಹಿಂದಿನ ನೆಗಡಿಯ ರೈನೋವೈರಸ್, ಕರುಳಿನಲ್ಲಿ ತೊಂದರೆ ಕೊಡದೆ ನೆಲೆಸಿರುವ ಜೀವಿ, ಮಾದರಿ ತುಂಬುವವರ ಕೈಯಿಂದ ಸೇರಿದ್ದು ಎಲ್ಲವೂ ವರದಿಯಲ್ಲಿ ಒಂದೇ ರೀತಿ ‘ಪತ್ತೆಯಾಗಿದೆ’ ಎಂದೇ ಬರುತ್ತವೆ.

ಕಾಗದದ ಮೇಲೆ ಒಮ್ಮೆ ಲೆಕ್ಕ ಹಾಕಿ

ಈ ಭಾಗವನ್ನು ಕೈಯಾರೆ ಮಾಡಿ ನೋಡದಿದ್ದರೆ ಮುಂದಿನದೆಲ್ಲ ಉಪದೇಶದಂತೆ ಕೇಳಿಸುತ್ತದೆ.

ಒಂದು ಗುರಿಯ ಸೆನ್ಸಿಟಿವಿಟಿ (ಸೋಂಕು ಇರುವವರಲ್ಲಿ ಪಾಸಿಟಿವ್ ಬರುವ ಪ್ರಮಾಣ) ಶೇ 95, ಸ್ಪೆಸಿಫಿಸಿಟಿ (ಸೋಂಕು ಇಲ್ಲದವರಲ್ಲಿ ನೆಗೆಟಿವ್ ಬರುವ ಪ್ರಮಾಣ) ಶೇ 99 ಎಂದುಕೊಳ್ಳಿ. ಪರೀಕ್ಷೆಗೆ ಬಂದ 1000 ಜನರಲ್ಲಿ 200 ಮಂದಿಗೆ ನಿಜಕ್ಕೂ ಆ ಸೋಂಕು ಇದೆ. ಆಗ 190 ನಿಜವಾದ ಪಾಸಿಟಿವ್, ಉಳಿದ 800 ಜನರಿಂದ 8 ಸುಳ್ಳು ಪಾಸಿಟಿವ್. ಪಾಸಿಟಿವ್ ಬಂದವರಲ್ಲಿ ಶೇ 96ರಷ್ಟು ಜನರಿಗೆ ಸೋಂಕು ಇದ್ದೇ ಇದೆ. ಈಗ ಅದೇ ಕಿಟ್, ಅದೇ ಯಂತ್ರ. ಆದರೆ ಲಕ್ಷಣ ಇದ್ದವರು, ಇಲ್ಲದವರು ಎಂದು ನೋಡದೆ ಎಲ್ಲರ ಮಾದರಿಯನ್ನೂ ಕಳಿಸಿದ್ದಾರೆ, 1000ದಲ್ಲಿ 10 ಜನರಿಗೆ ಮಾತ್ರ ಸೋಂಕು ಇದೆ. ನಿಜವಾದ ಪಾಸಿಟಿವ್ 9 ಅಥವಾ 10, ಸುಳ್ಳು ಪಾಸಿಟಿವ್ ಸುಮಾರು 10. ವರದಿಯ ಅರ್ಧ ಬೆಲೆ ಹೋಯಿತು, ಕಿಟ್‌ನಲ್ಲಿ ಕಿಂಚಿತ್ತೂ ದೋಷವಿಲ್ಲದೆ.

ಪ್ಯಾನೆಲ್‌ನಲ್ಲಿ ಇದರ ಮೇಲೆ ಇನ್ನೊಂದು ಪೆಟ್ಟು ಇದೆ. 20 ಗುರಿಗಳಿವೆ, ಪ್ರತಿಯೊಂದರ ಸ್ಪೆಸಿಫಿಸಿಟಿ ಶೇ 99.5 ಎನ್ನೋಣ. ಯಾವ ಸೋಂಕೂ ಇಲ್ಲದವನಲ್ಲಿ ಒಂದೂ ಸುಳ್ಳು ಪಾಸಿಟಿವ್ ಬಾರದಿರುವ ಸಾಧ್ಯತೆ 0.995ರ 20ನೇ ಘಾತ, ಅಂದರೆ ಸುಮಾರು 0.905. ಹತ್ತರಲ್ಲಿ ಹೆಚ್ಚುಕಡಿಮೆ ಒಬ್ಬನಿಗೆ ಏನಾದರೊಂದು ಸುಳ್ಳಾಗಿ ಸಿಗುತ್ತದೆ. ಸ್ಪೆಸಿಫಿಸಿಟಿ ಶೇ 99ಕ್ಕೆ ಇಳಿದರೆ ಈ ಪ್ರಮಾಣ ಶೇ 18. ಗುರಿಗಳು ಒಂದಕ್ಕೊಂದು ಸಂಬಂಧವಿಲ್ಲದೆ ತಪ್ಪುತ್ತವೆ ಎಂಬ ಊಹೆ ಈ ಲೆಕ್ಕದಲ್ಲಿದೆ, ವಾಸ್ತವ ಇಷ್ಟು ಸರಳವಲ್ಲ. ಆದರೂ ದಿಕ್ಕು ತಿಳಿಯಲು ಇಷ್ಟು ಸಾಕು: ನಾವು ಕೇಳಬೇಕೆಂದಿದ್ದ ಪ್ರಶ್ನೆ ಒಂದೇ ಆಗಿದ್ದರೂ ಪೌಚ್ ಇಪ್ಪತ್ತನ್ನೂ ಕೇಳಿಬಿಡುತ್ತದೆ.

ರಕ್ತದ ಕಲ್ಚರ್: ಪ್ಯಾನೆಲ್‌ಗೆ ಅತ್ಯುತ್ತಮ ಜಾಗ

ನನ್ನ ಅಭಿಪ್ರಾಯದಲ್ಲಿ ಮೊದಲು ಕಲಿಯಬೇಕಾದ ಪ್ಯಾನೆಲ್ ಇದು. ರೋಗಿಯ ರಕ್ತ ಹಾಕಿ ಜೀವಿ ಬೆಳೆಸುವ ಕಲ್ಚರ್ ಬಾಟಲಿ ಪಾಸಿಟಿವ್ ಆಗಿದೆ, ಗ್ರಾಂ ಸ್ಟೈನ್ (ಬ್ಯಾಕ್ಟೀರಿಯಾಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಲೈಡ್) ನೋಡಿಯಾಗಿದೆ. ಅಂದರೆ ಏನೋ ಬೆಳೆದಿದೆ ಎಂಬುದು ಪೌಚ್ ತೆರೆಯುವ ಮೊದಲೇ ಖಚಿತ. ಮೇಲಿನ ಲೆಕ್ಕದ ಮೊದಲ ಸನ್ನಿವೇಶಕ್ಕಿಂತಲೂ ಒಳ್ಳೆಯ ಸ್ಥಿತಿ.

2015ರಲ್ಲಿ ಪ್ರಕಟವಾದ ಒಂದು ಯಾದೃಚ್ಛಿಕ ಪ್ರಯೋಗವನ್ನು ಉತ್ತರಪತ್ರಿಕೆಯಲ್ಲಿ ಧಾರಾಳವಾಗಿ ಬರೆಯಬಹುದು. ಪಾಸಿಟಿವ್ ರಕ್ತ ಕಲ್ಚರ್‌ನ ರೋಗಿಗಳನ್ನು ಮೂರು ಗುಂಪು ಮಾಡಿದ್ದರು: ಎಂದಿನ ವಿಧಾನ; ಪ್ಯಾನೆಲ್ ಮತ್ತು ವರದಿಯ ಜೊತೆ ಸಿದ್ಧ ಟಿಪ್ಪಣಿ; ಪ್ಯಾನೆಲ್ ಜೊತೆಗೆ ಆಂಟಿಬಯಾಟಿಕ್ ಸ್ಟ್ಯೂವರ್ಡ್‌ಶಿಪ್ ತಂಡದ (ಆಂಟಿಬಯಾಟಿಕ್ ಬಳಕೆಯ ಮೇಲೆ ಕಣ್ಣಿಡುವವರ) ನೇರ ಸಲಹೆ. ಜೀವಿಯನ್ನು ಗುರುತಿಸುವ ಸಮಯ ಸುಮಾರು 22 ಗಂಟೆಯಿಂದ 1.3 ಗಂಟೆಗೆ ಇಳಿಯಿತು. ಸಾಕಾಗದ ಔಷಧವನ್ನು ಬಲಪಡಿಸುವುದು ಪ್ಯಾನೆಲ್ ಇದ್ದ ಎರಡೂ ಗುಂಪುಗಳಲ್ಲಿ ಬೇಗ ಆಯಿತು. ಆದರೆ ಅನಗತ್ಯ ಔಷಧವನ್ನು ಇಳಿಸಲು ಎಂದಿನ ಗುಂಪಿಗೆ 34 ಗಂಟೆ ಬೇಕಾದರೆ, ಪ್ಯಾನೆಲ್ ಮಾತ್ರ ಇದ್ದ ಗುಂಪಿಗೆ 38 ಗಂಟೆ, ತಂಡದ ಸಲಹೆ ಇದ್ದ ಗುಂಪಿಗೆ 21 ಗಂಟೆ. ಸಾವಿನ ಪ್ರಮಾಣದಲ್ಲಿ, ಆಸ್ಪತ್ರೆಯಲ್ಲಿ ಉಳಿದ ದಿನಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೆದರಿಕೆಯಿಂದ ಔಷಧ ಸೇರಿಸಲು ವೈದ್ಯರಿಗೆ ಒಂದು ಹಾಳೆ ಸಾಕು, ತೆಗೆಯಲು ಪಕ್ಕದಲ್ಲಿ ಒಬ್ಬರು ನಿಂತು ಹೇಳಬೇಕು ಎಂದು ನಾನು ಇದನ್ನು ಓದಿಕೊಂಡಿದ್ದೇನೆ.

ಈಗ ಫಲಿತಾಂಶ ಓದುವ ಕ್ರಮ. ಗ್ರಾಂ ಸ್ಟೈನ್ ಪಕ್ಕದಲ್ಲಿಟ್ಟುಕೊಳ್ಳದೆ ಪ್ಯಾನೆಲ್ ಓದಬಾರದು. ಸ್ಲೈಡ್‌ನಲ್ಲಿ ಗ್ರಾಂ ಪಾಸಿಟಿವ್ ಕಾಕೈ (ಗುಂಡನೆಯ ಬ್ಯಾಕ್ಟೀರಿಯಾ) ಮಾತ್ರ ಇವೆ, ಪ್ಯಾನೆಲ್ ಸ್ಟ್ಯಾಫಿಲೊಕಾಕಸ್ ಜೊತೆಗೆ ಗ್ರಾಂ ನೆಗೆಟಿವ್ ಆದ ಸ್ಯೂಡೊಮೊನಾಸನ್ನೂ ತೋರಿಸುತ್ತಿದೆ ಎನ್ನಿ. ಬಾಟಲಿಯ ಪೋಷಕ ದ್ರವದಲ್ಲೇ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಉಳಿದಿರುವುದು ಉಂಟು. ಸ್ಲೈಡ್ ಮತ್ತೆ ನೋಡಬೇಕು, ಕಲ್ಚರ್‌ಗೆ ಕಾಯಬೇಕು, ವೈದ್ಯರಿಗೆ ಈ ಅನುಮಾನವನ್ನೂ ಸೇರಿಸಿಯೇ ತಿಳಿಸಬೇಕು. ತದ್ವಿರುದ್ಧ ಸ್ಥಿತಿಯೂ ಬರುತ್ತದೆ: ಸ್ಲೈಡ್‌ನಲ್ಲಿ ಜೀವಿ ಇದೆ, ಪ್ಯಾನೆಲ್‌ನಲ್ಲಿ ಏನೂ ಇಲ್ಲ. ಆ ಜೀವಿ ಪಟ್ಟಿಯಲ್ಲಿಲ್ಲ ಎಂಬುದೇ ಸಾಮಾನ್ಯ ಕಾರಣ. ‘ಪ್ಯಾನೆಲ್ ನೆಗೆಟಿವ್’ ಎಂದಷ್ಟೇ ಫೋನಿನಲ್ಲಿ ಹೇಳಿದರೆ ಕೇಳುವವರು ‘ರಕ್ತ ಶುದ್ಧವಾಗಿದೆ’ ಎಂದು ತಿಳಿಯಬಹುದು. ಸ್ಲೈಡ್‌ನಲ್ಲಿ ಕಂಡದ್ದನ್ನು ಮೊದಲು ಹೇಳಿ.

ಪ್ರತಿರೋಧ ಜೀನ್‌ಗಳೇ ಇಲ್ಲಿನ ಅತಿ ಸ್ವಾರಸ್ಯಕರ ಭಾಗ, ಅತಿ ಹೆಚ್ಚು ತಪ್ಪಾಗುವ ಭಾಗವೂ ಹೌದು. ಸ್ಟ್ಯಾಫಿಲೊಕಾಕಸ್ ಆರಿಯಸ್ ಸಿಕ್ಕಿದೆ, ಪೆನಿಸಿಲಿನ್ ಬಗೆಯ (ಬೀಟಾ-ಲ್ಯಾಕ್ಟಂ) ಔಷಧಗಳಿಗೆ ಪ್ರತಿರೋಧ ಕೊಡುವ ಮೆಕ್-ಎ ಜೀನ್ ಇಲ್ಲ. ಈ ‘ಇಲ್ಲ’ ನಂಬಿಕೆಗೆ ಅರ್ಹ. ವ್ಯಾಂಕೊಮೈಸಿನ್ ಬಿಟ್ಟು ಬೀಟಾ-ಲ್ಯಾಕ್ಟಂಗೆ ಹೋಗಲು ಇದು ಒಳ್ಳೆಯ ಆಧಾರ. ಆರಿಯಸ್ ಮತ್ತು ಎಪಿಡರ್ಮಿಡಿಸ್ ಎರಡೂ ಇದ್ದು ಮೆಕ್-ಎ ಸಿಕ್ಕರೆ ಜೀನ್ ಯಾರದು ಎಂದು ಆ ಜೀನ್‌ನಿಂದಷ್ಟೇ ತಿಳಿಯದು. ಎಪಿಡರ್ಮಿಡಿಸ್ ಒಂದೇ ಇದ್ದು, ಪ್ರತ್ಯೇಕವಾಗಿ ತೆಗೆದ ರಕ್ತದ ಎರಡು ಸೆಟ್‌ಗಳಲ್ಲಿ ಒಂದರಲ್ಲಿ ಮಾತ್ರ ಬೆಳೆದಿದ್ದರೆ, ಮೆಕ್-ಎ ಇದ್ದರೂ ಅದು ಬಹುಪಾಲು ಚರ್ಮದಿಂದ ಬಂದದ್ದು. ‘ಪ್ರತಿರೋಧ ಜೀನ್ ಪತ್ತೆಯಾಗಿದೆ’ ಎಂಬ ಸಾಲು ನೋಡಿ ಗಾಬರಿಯಾಗುವುದು ಇಂಥ ಕಡೆಗಳಲ್ಲೇ.

ಗ್ರಾಂ ನೆಗೆಟಿವ್‌ಗಳಲ್ಲಿ ‘ಇಲ್ಲ’ ಎಂಬುದಕ್ಕೆ ಅಷ್ಟು ಬಲವಿಲ್ಲ. ಎಂಟರೊಬ್ಯಾಕ್ಟರ್ ಕ್ಲೊಏಸಿ ಸಿಕ್ಕಿದೆ, ಸಿಟಿಎಕ್ಸ್-ಎಂ (ಸೆಫ್‌ಟ್ರಯಾಕ್ಸೋನ್‌ನಂಥ ಔಷಧಗಳನ್ನು ಒಡೆಯುವ ಕಿಣ್ವದ ಜೀನ್) ಇಲ್ಲ ಎಂದುಕೊಳ್ಳಿ. ಹಾಗೆಂದು ಸೆಫ್‌ಟ್ರಯಾಕ್ಸೋನ್ ನೆಚ್ಚಿಕೊಳ್ಳುವಂತಿಲ್ಲ. ಆ ಜೀವಿಯ ಸ್ವಂತ ವರ್ಣತಂತುವಿನಲ್ಲೇ ಅಂಥ ಔಷಧಗಳನ್ನು ಒಡೆಯುವ ಆಂಪ್‌ಸಿ ಕಿಣ್ವದ ಜೀನ್ ಇದೆ, ಪ್ಯಾನೆಲ್ ಅದನ್ನು ಹುಡುಕುವುದೇ ಇಲ್ಲ. ಸ್ಯೂಡೊಮೊನಾಸ್ ಏರುಜಿನೋಸಾ ಯಾವ ಕಾರ್ಬಪೆನಮೇಸ್ (ಇಮಿಪೆನೆಂ, ಮೆರೊಪೆನೆಂ ಬಗೆಯ ಔಷಧ ಒಡೆಯುವ ಕಿಣ್ವ) ಜೀನ್ ಇಲ್ಲದೆಯೂ, ಹೊರಪೊರೆಯ ಆಪ್ರ್‌ಡಿ ಎಂಬ ದ್ವಾರವನ್ನು ಕಳೆದುಕೊಂಡು ಇಮಿಪೆನೆಂಗೆ ಬಗ್ಗದಂತಾಗಬಲ್ಲದು. ‘ಇದೆ’ ಎಂಬ ಉತ್ತರವಾದರೋ ಗಂಭೀರ: ಎನ್‌ಡಿಎಂ ಎಂಬ ಕಾರ್ಬಪೆನಮೇಸ್ ಜೀನ್ ಸಿಕ್ಕರೆ ಮೆರೊಪೆನೆಂ ಮೇಲೆ ಭರವಸೆ ಇಡುವಂತಿಲ್ಲ, ಸೆಫ್ಟಾಜಿಡಿಮ್-ಅವಿಬ್ಯಾಕ್ಟಂ ಕೂಡ ಒಂಟಿಯಾಗಿ ನೆರವಿಗೆ ಬಾರದು, ಏಕೆಂದರೆ ಅವಿಬ್ಯಾಕ್ಟಂ ಎನ್‌ಡಿಎಂನಂಥ ಮೆಟಲೊ ಬೀಟಾ-ಲ್ಯಾಕ್ಟಮೇಸ್‌ಗಳನ್ನು ತಡೆಯುವುದಿಲ್ಲ. ಆ ಕ್ಷಣವೇ ಫೋನ್ ಮಾಡಬೇಕಾದ ಫಲಿತಾಂಶ ಇದು. ಯಾವ ಜೀನ್ ಸಿಕ್ಕರೂ ಸಿಗದಿದ್ದರೂ ಕಲ್ಚರ್ ಮತ್ತು ಔಷಧ ಸಂವೇದನೆಯ ಪರೀಕ್ಷೆ ನಿಲ್ಲಕೂಡದು.

ಬೆನ್ನುಹುರಿ ದ್ರವ: ‘ಇಲ್ಲ’ ಎಂಬುದನ್ನು ನಂಬುವ ಮುನ್ನ

ಮೆನಿಂಜೈಟಿಸ್–ಎನ್ಸೆಫಲೈಟಿಸ್ (ಮಿದುಳಿನ ಪೊರೆಯ, ಮಿದುಳಿನ ಉರಿಯೂತ) ಪ್ಯಾನೆಲ್‌ನಲ್ಲಿ 14 ಗುರಿಗಳು, ಬೇಕಾಗುವ ದ್ರವ 200 ಮೈಕ್ರೊಲೀಟರ್. ದ್ರವವನ್ನು ಸೆಂಟ್ರಿಫ್ಯೂಜ್ ಮಾಡದೆ ಹಾಕಬೇಕು. ಮುಖ್ಯವಾದ ಬಲೆಗಳು ಮೂರು. ಹರ್ಪಿಸ್ ಎನ್ಸೆಫಲೈಟಿಸ್‌ನ ಆರಂಭದಲ್ಲಿ ವೈರಸ್ ಕಡಿಮೆ ಇದ್ದು ನೆಗೆಟಿವ್ ಬರಬಹುದು. ರೋಗಲಕ್ಷಣವೂ ಎಂಆರ್‌ಐ ಕೂಡ ಅತ್ತಲೇ ಬೆರಳು ತೋರಿಸುತ್ತಿದ್ದರೆ ಅಸೈಕ್ಲೊವಿರ್ ನಿಲ್ಲಿಸದೆ ಕೆಲವು ದಿನಗಳ ನಂತರ ದ್ರವವನ್ನು ಮತ್ತೆ ತೆಗೆದು ಪರೀಕ್ಷಿಸಬೇಕು. ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರಕ್ಕೆ ಪ್ಯಾನೆಲ್ ಒಂದನ್ನೇ ನಂಬಬಾರದು, ಆಂಟಿಜನ್ ಪರೀಕ್ಷೆ ಜೊತೆಗಿರಲೇಬೇಕು. ಇನ್ನು ಎಚ್‌ಎಚ್‌ವಿ-6 (ಮಾನವ ಹರ್ಪಿಸ್ ವೈರಸ್-6) ಪಾಸಿಟಿವ್: ಸುಮಾರು ಶೇ 1ರಷ್ಟು ಜನರ ವರ್ಣತಂತುಗಳಲ್ಲಿ ಈ ವೈರಸ್‌ನ ಡಿಎನ್‌ಎ ಹುಟ್ಟಿನಿಂದಲೇ ಬೆಸೆದುಕೊಂಡಿರುತ್ತದೆ. ಅಂಥವರ ದ್ರವದಲ್ಲಿ ಬಿಳಿ ರಕ್ತಕಣಗಳಿದ್ದರೆ ಸಾಕು, ವೈರಸ್ ಪತ್ತೆಯಾಗುತ್ತದೆ.

ಹಲವು ಪ್ರಯೋಗಾಲಯಗಳು ವಯಸ್ಕರಲ್ಲಿ ದ್ರವದ ಬಿಳಿ ಕಣಗಳು ಮೈಕ್ರೊಲೀಟರ್‌ಗೆ 5ಕ್ಕಿಂತ ಹೆಚ್ಚಿದ್ದರೆ ಮಾತ್ರ ಪ್ಯಾನೆಲ್ ಹಾಕುತ್ತವೆ. ಒಳ್ಳೆಯ ನಿಯಮ, ಆದರೆ ಶಿಶುಗಳಿಗೂ ರೋಗನಿರೋಧಕ ಶಕ್ತಿ ಕುಂದಿದವರಿಗೂ ವಿನಾಯಿತಿ ಇರಲೇಬೇಕು. ಅವರಲ್ಲಿ ಸೋಂಕಿದ್ದೂ ಕಣಗಳು ಏರದಿರಬಹುದು.

ಪೌಚ್ ತುಂಬುವವರು ಮಾಸ್ಕ್ ಹಾಕಬೇಕು, ತುಟಿಯ ಮೇಲೆ ಹರ್ಪಿಸ್ ಗುಳ್ಳೆ ಎದ್ದಿರುವವರು ಆ ದಿನ ಈ ಕೆಲಸಕ್ಕೆ ಕೂರಬಾರದು, ಮೇಜನ್ನು ಮೊದಲೂ ಆಮೇಲೂ ಬ್ಲೀಚ್‌ನಿಂದ ಒರೆಸಬೇಕು. ಓದುವಾಗ ಇದು ಕ್ಷುಲ್ಲಕ ಎನಿಸುತ್ತದೆ. ಎಚ್‌ಎಸ್‌ವಿ-1 (ಅದೇ ತುಟಿಗುಳ್ಳೆಯ ಹರ್ಪಿಸ್ ವೈರಸ್) ಪಾಸಿಟಿವ್ ಬಂದ ರೋಗಿಗೆ ಎರಡು–ಮೂರು ವಾರ ರಕ್ತನಾಳದ ಮೂಲಕ ಅಸೈಕ್ಲೊವಿರ್ ಕೊಡುತ್ತಾರೆ ಎಂಬುದನ್ನು ನೆನೆದರೆ ಹಾಗೆನಿಸದು.

ಭೇದಿ ಮತ್ತು ಉಸಿರಾಟ

ಭೇದಿಯ ಪ್ಯಾನೆಲ್‌ನಲ್ಲಿ ಹೆಚ್ಚು ಗೊಂದಲ ಎಬ್ಬಿಸುವುದು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ. ಪಿಸಿಆರ್ ನೋಡುವುದು ವಿಷ ತಯಾರಿಸುವ ಜೀನ್ ಅನ್ನು, ವಿಷವನ್ನಲ್ಲ. ಆದ್ದರಿಂದ ಇದರ ಪರೀಕ್ಷೆಗೆ ಕಳಿಸಬೇಕಾದರೆ 24 ಗಂಟೆಯಲ್ಲಿ ಮೂರು ಅಥವಾ ಹೆಚ್ಚು ಬಾರಿ ಬೇರೆ ಕಾರಣವಿಲ್ಲದೆ ತೆಳು ಭೇದಿಯಾಗಿರಬೇಕು, ಮಲ ಸಡಿಲಿಸುವ ಔಷಧ ಕೊಟ್ಟಿರಬಾರದು. ಒಂದು ವರ್ಷದೊಳಗಿನ ಮಕ್ಕಳಲ್ಲಿ ಈ ಜೀವಿ ಸುಮ್ಮನೆ ನೆಲೆಸಿರುವುದು ಸಾಮಾನ್ಯವಾದ್ದರಿಂದ ಆ ವಯಸ್ಸಿನವರ ವರದಿಯಲ್ಲಿ ಈ ಗುರಿಯನ್ನು ಮರೆಮಾಡುವುದೇ ವಾಸಿ. ಸಾಲ್ಮೊನೆಲ್ಲಾ, ಶಿಗೆಲ್ಲಾ ಸಿಕ್ಕರೆ ಅದೇ ಮಾದರಿಯನ್ನು ಕಲ್ಚರ್‌ಗೆ ಹಾಕಬೇಕು. ಜೀವಿ ಕೈಯಲ್ಲಿಲ್ಲದೆ ಔಷಧ ಸಂವೇದನೆಯೂ ಇಲ್ಲ, ಸೋಂಕಿನ ಮೂಲ ಹುಡುಕುವುದೂ ಕಷ್ಟ.

ನ್ಯುಮೋನಿಯಾ ಪ್ಯಾನೆಲ್ ಸಾಮಾನ್ಯ ಬ್ಯಾಕ್ಟೀರಿಯಾಗಳನ್ನು ಮಿಲಿಲೀಟರ್‌ಗೆ ಹತ್ತರ 4ನೇ ಘಾತದಿಂದ 7ನೇ ಘಾತದವರೆಗೆ ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತದೆ. ಸತ್ತವುಗಳೂ ಸೇರಿ ಎಣಿಕೆಯಾಗುವುದರಿಂದ ಈ ಸಂಖ್ಯೆ ಕಲ್ಚರ್ ಎಣಿಕೆಗಿಂತ ಹೆಚ್ಚಿರುವುದೇ ವಾಡಿಕೆ; ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಗ್ರಾಂ ಸ್ಟೈನ್‌ನಲ್ಲಿ ಬಾಯಿಯ ಎಪಿಥೀಲಿಯಲ್ ಕೋಶಗಳೇ ತುಂಬಿರುವ ಕಫವನ್ನು ಕಲ್ಚರ್‌ಗೆ ತಿರಸ್ಕರಿಸುವ ನಾವು, ಅದೇ ಕಫವನ್ನು ದುಬಾರಿ ಪೌಚ್‌ಗೆ ಏಕೆ ಸುರಿಯುತ್ತೇವೆ ಎಂಬುದು ನನಗೆ ಇನ್ನೂ ಅರ್ಥವಾಗದ ವಿಷಯ. ಮೂಗಿನ ಮಾದರಿಯ ವೈರಸ್ ಪ್ಯಾನೆಲ್ ಹಾಸಿಗೆ ಹಂಚಿಕೆ, ಪ್ರತ್ಯೇಕ ಕೋಣೆ, ಫ್ಲೂ ಔಷಧ ಇವುಗಳ ನಿರ್ಧಾರಕ್ಕೆ ಉಪಯುಕ್ತ. ಆರೋಗ್ಯವಂತ ವಯಸ್ಕನ ನೆಗಡಿಯಲ್ಲಿ ಅದರಿಂದ ಏನೂ ಬದಲಾಗದು. ವೈರಸ್ ಸಿಕ್ಕಿತೆಂದು ಬ್ಯಾಕ್ಟೀರಿಯಾ ಇಲ್ಲವೆಂದೂ ಆಗುವುದಿಲ್ಲ.

ಪ್ರಯೋಗಾಲಯದ ಕೈಯಲ್ಲಿ ಇರುವುದು

ರಾತ್ರಿ ಹತ್ತಕ್ಕೆ ಪಾಸಿಟಿವ್ ಆದ ಬಾಟಲಿ ಬೆಳಿಗ್ಗೆ ಒಂಬತ್ತರವರೆಗೆ ಯಂತ್ರದಲ್ಲೇ ಕುಳಿತಿದ್ದರೆ, ಒಂದು ಗಂಟೆಯ ಪರೀಕ್ಷೆಯ ನಿಜವಾದ ಸಮಯ ಹನ್ನೆರಡು ಗಂಟೆ. ಫಲಿತಾಂಶ ಯಾರೂ ತೆರೆಯದ ಕಂಪ್ಯೂಟರ್ ಪರದೆಯಲ್ಲಿ ಉಳಿದರೆ ಇನ್ನೂ ಹೆಚ್ಚು. ಆದ್ದರಿಂದ ಕಿಟ್ ಕೊಳ್ಳುವ ಚರ್ಚೆಯಲ್ಲಿ ಮೊದಲು ಕೇಳಬೇಕಾದದ್ದು ರಾತ್ರಿ ಪಾಳಿಯಲ್ಲಿ ಯಾರಿದ್ದಾರೆ, ಫೋನ್ ಯಾರಿಗೆ ಹೋಗುತ್ತದೆ ಎಂಬುದನ್ನು.

ಪರೀಕ್ಷೆ ಕೋರುವ ಹಂತದಲ್ಲೇ ಕಂಪ್ಯೂಟರ್ ಎರಡು ಪ್ರಶ್ನೆ ಕೇಳುವಂತೆ ಮಾಡಬಹುದು, ಅಥವಾ ಷರತ್ತು ಪೂರೈಸದ ಕೋರಿಕೆಯನ್ನು ತಡೆದೇಬಿಡಬಹುದು. ತಡೆಯುವುದಾದರೆ, ಪ್ರಯೋಗಾಲಯದ ವೈದ್ಯರಿಗೆ ಫೋನ್ ಮಾಡಿ ಮಾತಾಡಿ ಬಿಡಿಸಿಕೊಳ್ಳುವ ದಾರಿ ಇಟ್ಟಿರಬೇಕು. ಆ ಫೋನ್ ಮಾತುಕತೆಯಲ್ಲೇ ರೋಗಿಯ ಬಗ್ಗೆ ಕೋರಿಕೆ ಪತ್ರದಲ್ಲಿ ಬಾರದ ಸಂಗತಿಗಳು ತಿಳಿಯುತ್ತವೆ. ವರದಿಯ ಜೊತೆ ಬರೆಯುವ ಟಿಪ್ಪಣಿ ಒಂದೆರಡು ಸಾಲು ಮೀರದಿರಲಿ: ‘ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್, ಎರಡು ಸೆಟ್‌ಗಳಲ್ಲಿ ಒಂದರಲ್ಲಿ. ಚರ್ಮದಿಂದ ಬಂದಿರುವ ಸಾಧ್ಯತೆ ಹೆಚ್ಚು. ರೋಗಿಯ ಸ್ಥಿತಿಯೊಂದಿಗೆ ಹೋಲಿಸಿ ನೋಡಿ.’

ಪ್ಯಾನೆಲ್ ಶುರುವಾದ ಮೇಲೆ ಎಷ್ಟು ಪೌಚ್ ಖರ್ಚಾಯಿತು ಎಂಬುದಷ್ಟನ್ನೇ ಲೆಕ್ಕ ಇಟ್ಟರೆ ಸಾಲದು. ಫಲಿತಾಂಶ ತಿಳಿಸಿದ ಹೊತ್ತು, ಔಷಧದ ಚೀಟಿ ಬದಲಾದ ಹೊತ್ತು, ಇವೆರಡರ ನಡುವಿನ ಅಂತರ, ಬದಲಾಗದೆ ಉಳಿದ ಚೀಟಿಗಳ ಸಂಖ್ಯೆ ಇವನ್ನೂ ಬರೆದಿಡಬೇಕು. ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವವರು ಇಲ್ಲಿಂದಲೇ ಶುರುಮಾಡಬಹುದು. ದಾಖಲೆಗಳೆಲ್ಲ ಪ್ರಯೋಗಾಲಯ ಮತ್ತು ವಾರ್ಡಿನಲ್ಲೇ ಇರುತ್ತವೆ.