ನಾಣ್ಯಕ್ಕೆ ಒಳ್ಳೆಯ ಅಸಿಟೋನ್, ಸ್ಲ್ಯಾಬಿಗೆ ಕೆಡುಕು

ಕಳೆದ ತಿಂಗಳು ಸಂಗ್ರಾಹಕರೊಬ್ಬರು 1911ರ ಬೆಳ್ಳಿ ರೂಪಾಯಿಯೊಂದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನನ್ನಲ್ಲಿಗೆ ತಂದಿದ್ದರು. ಐದನೇ ಜಾರ್ಜ್ ದೊರೆಯ ಎದೆಯ ಮೇಲಿನ ಪುಟ್ಟ ಆನೆ ಹಂದಿಯಂತೆ ಕಾಣುತ್ತದೆ ಎಂಬ ಗುಲ್ಲೆದ್ದು ಹಿಂಪಡೆದ ರೂಪಾಯಿ ಅದು. 1912ರಲ್ಲಿ ಸೊಂಡಿಲು ಸ್ಪಷ್ಟವಾಗಿ ಕಾಣುವಂತೆ ಅಚ್ಚನ್ನು ತಿದ್ದಿದರು. ಹೀಗಾಗಿ 1911ರ ರೂಪಾಯಿಯನ್ನು ಕೊಳ್ಳುವವರು ಕೊಳ್ಳುವುದೇ ಆ ಆನೆಗಾಗಿ. ಇವರ ಸ್ಲ್ಯಾಬಿನಲ್ಲಿ, ಅಂದರೆ ನಾಣ್ಯಕ್ಕೆ ಶ್ರೇಣಿ ನೀಡುವ ಸಂಸ್ಥೆ ಅದನ್ನು ಮುಚ್ಚಿಕೊಡುವ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಸರಿಯಾಗಿ ಆನೆಯ ನೇರಕ್ಕೇ ಹೆಬ್ಬೆರಳಗಲದ ಬಿಳಿ ಮಬ್ಬು ಕೂತಿತ್ತು. ಮಾರಿದವರು ಅಲ್ಲಿ ಬೆಲೆಚೀಟಿ ಅಂಟಿಸಿದ್ದರಂತೆ. ಚೀಟಿ ಕಿತ್ತ ಮೇಲೆ ಉಳಿದ ಜಿಗುಟನ್ನು ಇವರು ಉಗುರುಬಣ್ಣ ಅಳಿಸಲು ಬಳಸುವ ಅಸಿಟೋನಿನಲ್ಲಿ ಉಜ್ಜಿದ್ದರು. ಜಿಗುಟು ಹೋಗಿತ್ತು, ಅದರ ಜೊತೆಗೆ ಪ್ಲಾಸ್ಟಿಕ್ಕಿನ ಹೊಳಪೂ ಹೋಗಿತ್ತು.

ಅವರದು ಅಜಾಗರೂಕತೆ ಎಂದು ನಾನು ಹೇಳಲಾರೆ. ಹಳೆಯ ಪಿವಿಸಿ ಚೀಲಗಳಲ್ಲಿದ್ದ ನಾಣ್ಯದ ಮೇಲೆ ಹಸಿರು ಜಿಡ್ಡು ಕೂತರೆ ಅದನ್ನು ಕರಗಿಸಲು ಶುದ್ಧ ಅಸಿಟೋನನ್ನೇ ಬಳಸುತ್ತೇವೆ. ಅದು ಬೆಳ್ಳಿಯೊಂದಿಗೆ ವರ್ತಿಸುವುದಿಲ್ಲ. ಆದ್ದರಿಂದ ಸಂಗ್ರಾಹಕರ ಕಪಾಟಿನಲ್ಲಿ ಆ ಬಾಟಲಿ ಇದ್ದೇ ಇರುತ್ತದೆ, ಕೈ ತಾನಾಗಿ ಅದರತ್ತ ಹೋಗುತ್ತದೆ. ಆದರೆ ಗಟ್ಟಿ ಸ್ಲ್ಯಾಬುಗಳು ಮತ್ತು ನಾಣ್ಯ ಇಡುವ ಗುಂಡು ಡಬ್ಬಿಗಳಾದ ಕ್ಯಾಪ್ಸೂಲುಗಳು ಸಾಮಾನ್ಯವಾಗಿ ಪಾಲಿಸ್ಟೈರೀನ್ ಅಥವಾ ಅಕ್ರಿಲಿಕ್‌ನಿಂದ ಆಗಿರುತ್ತವೆ. ಎರಡನ್ನೂ ಅಸಿಟೋನ್ ಕರಗಿಸುತ್ತದೆ. ಥಿನ್ನರ್ ಮತ್ತು ಪೆಟ್ರೋಲುಗಳಿಂದಲೂ ದೂರವಿರಿ.

ಕಿತ್ತಳೆ ಎಣ್ಣೆ ಸೇರಿಸಿದ, ‘ಸೌಮ್ಯ’ ಎಂದು ಬರೆದ ಅಂಟು ನಿವಾರಕಗಳನ್ನೂ ನಾನು ನಂಬುವುದಿಲ್ಲ. ಯಾಕೆಂದು ತಿಳಿಯಬೇಕಾದರೆ ಒಂದು ತುಂಡು ಥರ್ಮಾಕೋಲಿನ ಮೇಲೆ ಕಿತ್ತಳೆ ಸಿಪ್ಪೆಯನ್ನು ಹಿಂಡಿ ನೋಡಿ. ರಸ ಸಿಡಿದಲ್ಲೆಲ್ಲ ಸಣ್ಣ ಗುಳಿಗಳು ಬೀಳುತ್ತವೆ. ಥರ್ಮಾಕೋಲ್ ಎಂದರೆ ಉಬ್ಬಿಸಿದ ಪಾಲಿಸ್ಟೈರೀನ್, ನಿಮ್ಮ ಸ್ಲ್ಯಾಬಿನ ಒಡಹುಟ್ಟು. ಸ್ಯಾನಿಟೈಸರಿನಂತಹ ಆಲ್ಕೊಹಾಲ್ ದ್ರವಗಳು ಅಕ್ರಿಲಿಕ್ ಕ್ಯಾಪ್ಸೂಲಿನ ಅಂಚುಗಳಲ್ಲಿ ಕೂದಲೆಳೆಯ ಬಿರುಕುಗಳನ್ನು ಎಬ್ಬಿಸಬಲ್ಲವು. ಯಾವ ಪ್ಲಾಸ್ಟಿಕ್ ಯಾವುದೆಂದು ಕಣ್ಣಳತೆಯಲ್ಲಿ ಹೇಳಲಾಗದ ಕಾರಣ ನಾನು ಅವುಗಳನ್ನೂ ಮೇಜಿನ ಮೇಲೆ ಇಡುವುದಿಲ್ಲ.

ಇನ್ನು ಕೆಲಸಕ್ಕೆ ಬರೋಣ. ಚೀಟಿಗೆ ಉಗುರು ಹಾಕುವ ಮೊದಲು ಅದು ಏನೆಂದು ಓದಿ. ಅಮೆರಿಕದ ನಾಣ್ಯಗಳ ಸ್ಲ್ಯಾಬಿನ ಮೇಲಿರುವ ಸಿಎಸಿ ಸಂಸ್ಥೆಯ ಹಸಿರು ಚೀಟಿ ಗುಣಮಟ್ಟದ ಮುದ್ರೆ. ಅದು ಹೋದರೆ ನಾಣ್ಯದ ಬೆಲೆಯೂ ಇಳಿಯುತ್ತದೆ. ಹರಾಜಿನ ಸಂಖ್ಯೆಯಿರುವ ಚೀಟಿಯಾದರೆ ಅದು ನಾಣ್ಯ ಯಾರ ಕೈ ದಾಟಿ ಬಂದಿದೆ ಎಂಬುದಕ್ಕೆ ಪುರಾವೆ. ತೆಗೆಯಲೇಬೇಕೆಂದಿದ್ದರೆ ಮೊದಲು ಫೋಟೊ ತೆಗೆದುಕೊಳ್ಳಿ.

ಚೀಟಿಯ ಮೇಲೆ ಅಂಗೈಯನ್ನು ಒಂದೆರಡು ನಿಮಿಷ ಒತ್ತಿಟ್ಟರೆ ಅಂಟು ಮೆತ್ತಗಾಗುತ್ತದೆ. ಮೂಲೆಯನ್ನು ಎತ್ತಿ, ಚೀಟಿಯನ್ನು ತನ್ನ ಮೇಲೆಯೇ ಮಡಚಿದಂತೆ ತಗ್ಗಿನಲ್ಲಿ, ನಿಧಾನವಾಗಿ ಎಳೆಯಿರಿ. ನೇರ ಮೇಲಕ್ಕೆ ಎಳೆದರೆ ಕಾಗದ ಸೀಳಿ ಅಂಟು ಅಲ್ಲೇ ಉಳಿಯುತ್ತದೆ. ಉಳಿದ ಅಂಟನ್ನು ಒಣ ಹೆಬ್ಬೆರಳಿನಿಂದ ಒಂದೇ ದಿಕ್ಕಿಗೆ ತೀಡುತ್ತಾ ಹೋಗಿ. ಮೊದಲು ಏನೂ ಆಗದಂತೆ ಕಾಣುತ್ತದೆ. ಆಮೇಲೆ ಅಂಚಿನಲ್ಲಿ ಬೂದು ಬಣ್ಣದ ಎಳೆಯೊಂದು ಎದ್ದು, ಸುರುಳಿಯಾಗಿ, ಅಕ್ಕಿಕಾಳಿನಷ್ಟು ಉಂಡೆಯಾಗುತ್ತದೆ. ಆ ಉಂಡೆಯೇ ಸುತ್ತಲಿನ ಅಂಟನ್ನೆಲ್ಲ ಎತ್ತಿಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಸಾಧಾರಣ ಸೆಲ್ಲೋ ಟೇಪನ್ನು ಒತ್ತಿ ಎತ್ತಿ, ಮತ್ತೆ ಒತ್ತಿ ಎತ್ತಿ. ನನ್ನ ಬಳಿಗೆ ಬರುವ ಹೆಚ್ಚಿನ ಸ್ಲ್ಯಾಬುಗಳು ಇಷ್ಟರಲ್ಲೇ ಶುಚಿಯಾಗುತ್ತವೆ.

ಹಳದಿಗಟ್ಟಿ ಗಟ್ಟಿಯಾದ ಹಳೆಯ ಅಂಟಿಗೆ ಮಾತ್ರ ಕೊಬ್ಬರಿ ಎಣ್ಣೆ. ಒಂದೇ ಹನಿ, ಅದೂ ಬಟ್ಟೆಯ ಮೇಲೆ. ಸ್ಲ್ಯಾಬಿನ ಮೇಲೆ ಎಂದೂ ಹನಿಸಬೇಡಿ. ಸ್ಲ್ಯಾಬು ಗಾಳಿಯಾಡದ ಪೆಟ್ಟಿಗೆಯಲ್ಲ. ಎರಡು ಹೋಳುಗಳು ಕೂಡುವ ಗೆರೆಯಲ್ಲಿ ದ್ರವ ಸೇರಿಕೊಂಡರೆ ತಾನಾಗಿಯೇ ಒಳಕ್ಕೆ ಹರಿದು, ಒಳಗಿನ ವಿವರಚೀಟಿಯನ್ನೋ ನಾಣ್ಯವನ್ನೋ ಮುಟ್ಟಬಹುದು. ಅದನ್ನು ಹೊರಗಿನಿಂದ ಒರೆಸಲು ಯಾವ ದಾರಿಯೂ ಇಲ್ಲ. ಆದ್ದರಿಂದ ಒರೆಸುವ ಕೈ ಯಾವಾಗಲೂ ಅಂಚಿನಿಂದ ನಡುವಿನ ಕಡೆಗೆ ಚಲಿಸಲಿ. ಅಂಟು ಬಿಟ್ಟ ಮೇಲೆ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದ್ದಿ ಬಿಗಿಯಾಗಿ ಹಿಂಡಿದ ಬಟ್ಟೆಯಿಂದ ಜಿಡ್ಡು ತೆಗೆದು, ಒಣ ಹತ್ತಿ ಬಟ್ಟೆಯಿಂದ ಒರೆಸಿ. ಅಡುಗೆಮನೆಯ ಒರಟು ಸ್ಕ್ರಬ್ಬರನ್ನು ಮಾತ್ರ ತರಬೇಡಿ, ಗೀರುಗಳು ಉಳಿಯುತ್ತವೆ.

ಆ ರೂಪಾಯಿಯ ಮಬ್ಬನ್ನು ಪ್ಲಾಸ್ಟಿಕ್ ಪಾಲಿಶ್ ಹಚ್ಚಿ ಸ್ವಲ್ಪ ತಿಳಿಗೊಳಿಸಿದೆ. ಆನೆ ಕಂಡಿತು, ಸೊಂಡಿಲಿನ ಗೆರೆ ಮಾತ್ರ ಇನ್ನೂ ಮಸುಕು. ಶ್ರೇಣಿ ನೀಡಿದ ಸಂಸ್ಥೆಗೇ ಕಳುಹಿಸಿ ಹೊಸ ಸ್ಲ್ಯಾಬಿಗೆ ಹಾಕಿಸಿಕೊಳ್ಳಿ ಎಂದು ಹೇಳಿದೆ.

ಹೊರಡುವ ಮುನ್ನ ಅವರು ಚೀಲದಿಂದ ಇನ್ನೊಂದು ಕಟ್ಟು ತೆಗೆದರು. ಮುಮ್ಮಡಿ ಕೃಷ್ಣರಾಜ ಒಡೆಯರ ಇಪ್ಪತ್ತು ಕಾಸಿನ ತಾಮ್ರದ ನಾಣ್ಯಗಳು, ಮೆತ್ತನೆಯ ಪಿವಿಸಿ ಚೀಲಗಳಲ್ಲಿದ್ದವು. ಚೀಲವನ್ನು ಮೆದುವಾಗಿಸುವ ಎಣ್ಣೆಯಂಥ ಅಂಶ ಚೀಟಿಯ ಅಂಟಿಗೂ ಇಳಿದು, ಎಲ್ಲವೂ ಬೆಲ್ಲದ ಪಾಕದಂತಾಗಿತ್ತು. ಒಂದು ಚೀಲದ ಅಂಟಿಗೂ ನಾನು ಕೈ ಹಾಕಲಿಲ್ಲ. ಚೀಲಗಳನ್ನು ಕತ್ತರಿಸಿ ಎಸೆದೆವು. ಸಂಜೆಯವರೆಗೆ ಕೂತು ನಾಣ್ಯಗಳನ್ನು ಒಂದೊಂದಾಗಿ ಪಿವಿಸಿ ಇಲ್ಲದ ಮೈಲಾರ್ ಪ್ಲಾಸ್ಟಿಕ್ ಚೀಲಗಳಿಗೆ ಸೇರಿಸಿದೆವು. ಬೆಲೆಯನ್ನೂ ಕೊಂಡ ದಿನವನ್ನೂ ಈ ಬಾರಿ ಅವರು ಪೆನ್ಸಿಲಿನಲ್ಲಿ ಪ್ರತ್ಯೇಕ ಕಾರ್ಡುಗಳ ಮೇಲೆ ಬರೆದುಕೊಂಡರು.