ಬಾಟಲಿಯಲ್ಲಿ ಇಲ್ಲದ ಆಮ್ಲ

ಕರುಳಿನ ದೊಡ್ಡ ಶಸ್ತ್ರಚಿಕಿತ್ಸೆಯಾದವರಿಗೆ ಕೆಲವೊಮ್ಮೆ ವಾರಗಟ್ಟಲೆ ಬಾಯಿಂದ ಏನೂ ಕೊಡುವಂತಿಲ್ಲ. ಆಗ ಎದೆಯ ಮೇಲ್ಭಾಗದ ದೊಡ್ಡ ರಕ್ತನಾಳಕ್ಕೆ ತೆಳು ಕೊಳವೆ ಹಾಕಿ, ಸಕ್ಕರೆ, ಅಮೈನೋ ಆಮ್ಲ, ಕೊಬ್ಬು, ಲವಣಗಳನ್ನು ನೇರ ರಕ್ತಕ್ಕೇ ಹರಿಸುತ್ತಾರೆ. 1960ರ ದಶಕದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಡಡ್ರಿಕ್ ಮತ್ತು ಸಂಗಡಿಗರು ಬೀಗಲ್ ನಾಯಿಮರಿಗಳನ್ನು ಹೀಗೆ ಬೆಳೆಸಿ ತೋರಿಸಿದರು. ಆಮೇಲೆ ಕರುಳು ಸರಿಯಾಗಿ ರೂಪುಗೊಳ್ಳದೆ ಹುಟ್ಟಿದ ಒಂದು ಹೆಣ್ಣುಮಗುವಿಗೂ ಇದೇ ಬಗೆಯಲ್ಲಿ ಆಹಾರ ಹೋಯಿತು.

ಮೊದಮೊದಲು ಪ್ರೋಟೀನಿಗಾಗಿ ಬಳಸುತ್ತಿದ್ದದ್ದು ಹಾಲಿನ ಕೇಸಿನ್‌ನಂಥವನ್ನು ಒಡೆದು ಮಾಡಿದ ದ್ರಾವಣ. ಅದರ ಜಾಗಕ್ಕೆ ಶುದ್ಧ ಅಮೈನೋ ಆಮ್ಲಗಳ ಮಿಶ್ರಣ ಬಂತು. ನೋಡಲು ಹೆಚ್ಚು ಅಚ್ಚುಕಟ್ಟು. ಆದರೆ ಅದನ್ನು ಪಡೆದ ಶಿಶುಗಳ ರಕ್ತ ಆಮ್ಲೀಯವಾಗತೊಡಗಿತು. ದ್ರಾವಣವೇ ಹುಳಿಯಾಗಿದೆ ಎನ್ನುವುದು ಯಾರಿಗಾದರೂ ಮೊದಲು ಹೊಳೆಯುವ ಅನುಮಾನ. 1972ರಲ್ಲಿ ಮಕ್ಕಳ ವೈದ್ಯ ವಿಲಿಯಂ ಹೇರ್ಡ್ ಅವರ ತಂಡ ತೋರಿಸಿದ್ದು ಬೇರೆಯದನ್ನೇ. ಮಿಶ್ರಣದಲ್ಲಿನ ಲೈಸಿನ್, ಆರ್ಜಿನಿನ್ ಎಂಬ ಅಮೈನೋ ಆಮ್ಲಗಳಿಗೆ ಧನ ವಿದ್ಯುದಂಶವಿದೆ. ಅವುಗಳ ಜೊತೆಗಾರನಾಗಿ ಕ್ಲೋರೈಡ್ ಬರುತ್ತದೆ. ದೇಹ ಲೈಸಿನನ್ನು ಬಳಸಿಕೊಂಡು ಮುಗಿಸಿದಾಗ ಹಿಂದೆ ಉಳಿಯುವುದು, ಲೆಕ್ಕಕ್ಕೆ, ಹೈಡ್ರೋಕ್ಲೋರಿಕ್ ಆಮ್ಲ. ಅಂದರೆ ಆಮ್ಲ ಬಾಟಲಿಯಲ್ಲಿ ಇರಲೇ ಇಲ್ಲ, ತಯಾರಾದದ್ದು ದೇಹದೊಳಗೆ.

ಹಾಗಾದರೆ ಆಮ್ಲವನ್ನು ತಣಿಸುವ ಕ್ಷಾರವಾದ ಬೈಕಾರ್ಬೊನೇಟ್ ಬೆರೆಸಿದರಾಯಿತಲ್ಲ? ಆಗದು. ಆಹಾರದ ದ್ರಾವಣವಿರುವ ಅದೇ ಚೀಲದಲ್ಲಿ ಕ್ಯಾಲ್ಸಿಯಂ ಇರುತ್ತದೆ. ಎರಡೂ ಸೇರಿದರೆ ಸುಣ್ಣದ ಕಲ್ಲಿನ ಪುಡಿಯೇ ತಳ ಕೂರುತ್ತದೆ, ರಕ್ತನಾಳಕ್ಕೆ ಅದು ಹೋಗುವಂತಿಲ್ಲ. ತಯಾರಕರು ಕ್ಲೋರೈಡಿನ ಜಾಗಕ್ಕೆ ವಿನೆಗರಿನ ಆಮ್ಲದಿಂದ ಬರುವ ಅಸಿಟೇಟ್ ತಂದರು. ಅದು ಚೀಲದಲ್ಲಿ ತಣ್ಣಗಿದ್ದು, ದೇಹ ಸೇರಿದ ಮೇಲೆ ಬೈಕಾರ್ಬೊನೇಟ್ ಆಗುತ್ತದೆ. ಈ ಇಡೀ ಕಥೆಯಲ್ಲಿ ನನಗೆ ಅತಿ ಜಾಣತನದ್ದೆನಿಸುವ ಪರಿಹಾರ ಇದೇ.

ಅಸಿಟೇಟ್ ಅತಿಯಾದರೆ ತಕ್ಕಡಿ ಕ್ಷಾರದ ಕಡೆ ವಾಲುತ್ತದೆ. ಶಸ್ತ್ರಚಿಕಿತ್ಸೆಯಾದವರಲ್ಲಿ ಇದು ಬೇಗ ಆಗುವುದುಂಟು: ಮೂಗಿನ ಕೊಳವೆಯಿಂದ ಹೊಟ್ಟೆಯ ರಸ ಹೊರಬರುತ್ತಿದ್ದರೆ ಆಮ್ಲ ಅದಾಗಲೇ ನಷ್ಟವಾಗುತ್ತಿರುತ್ತದೆ. ಸಣ್ಣ ಕರುಳಿನಿಂದ ಸೋರಿಕೆಯಿದ್ದರೆ ಹೋಗುವುದು ಕ್ಷಾರ, ಲೆಕ್ಕ ತಿರುಗುಮುರುಗು. ರಕ್ತದ ಪಿಎಚ್ (ಆಮ್ಲ-ಕ್ಷಾರದ ಅಳತೆ; ಇಳಿದರೆ ಆಮ್ಲ, ಏರಿದರೆ ಕ್ಷಾರ) 7.35ರಿಂದ 7.45ರ ಒಳಗೆ ನಿಲ್ಲಬೇಕು, ಹಾಗಾಗಿ ಕೊಳವೆಯಲ್ಲಿ ದಿನಕ್ಕೆಷ್ಟು ಹೊರಬಂತು ಎಂಬುದನ್ನು ನೋಡದೆ ಚೀಲದ ಲವಣ ನಿಗದಿಮಾಡುವುದು ಕುರುಡು ಕೆಲಸ. ಸಕ್ಕರೆ ಹೆಚ್ಚಾದರೆ ಇನ್ನೊಂದು ತೊಂದರೆ. ಅದರಿಂದ ಹುಟ್ಟುವ ಇಂಗಾಲದ ಡೈಆಕ್ಸೈಡನ್ನು ಸೋತ ಶ್ವಾಸಕೋಶ ಹೊರಹಾಕಲಾರದೆ ರಕ್ತ ಮತ್ತೆ ಆಮ್ಲದತ್ತ ಜಾರುತ್ತದೆ.

1990ರ ದಶಕದಲ್ಲಿ ಅಮೆರಿಕದಲ್ಲಿ ಚುಚ್ಚುಮದ್ದಿನ ಮಲ್ಟಿವಿಟಮಿನ್‌ಗೆ ಕೊರತೆ ಬಂದಾಗ ಬಾಟಲಿಯಲ್ಲಿ ಯಾವುದು ಇಲ್ಲ ಎಂಬುದೇ ಮುಖ್ಯವಾಯಿತು. ಥಯಮಿನ್ (ವಿಟಮಿನ್ ಬಿ1) ಇಲ್ಲದೆ ಸಕ್ಕರೆ ಪೂರ್ತಿ ಉರಿಯದು, ಲ್ಯಾಕ್ಟಿಕ್ ಆಮ್ಲವಾಗಿ ಕೂಡಿಬೀಳುತ್ತದೆ. ಹೀಗೆ ಆಮ್ಲ ಏರಿದ ರೋಗಿಗಳಿಗೆ ಬೈಕಾರ್ಬೊನೇಟ್ ಸುರಿದರೂ ಮೂಲ ಕಾರಣ ಹಾಗೇ ಉಳಿಯುತ್ತದೆ. ಥಯಮಿನ್ ಚುಚ್ಚಿದರೆ ಗಂಟೆಗಳಲ್ಲೇ ಇಳಿಯತೊಡಗುತ್ತದೆ.